ಸೊನ್ನೆ ಬಂದ ಹುಡುಕಾಟಗಳು

ಪ್ರತಿ ಸೋಮವಾರ ಬೆಳಿಗ್ಗೆ, ಕೌಂಟರ್ ತೆರೆಯುವ ಮುಂಚೆ, ನಾನೊಂದು ಪಟ್ಟಿ ಓದುತ್ತೇನೆ. ಹಿಂದಿನ ವಾರ ನಮ್ಮ ಕಾಲೇಜು ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗಿನಲ್ಲಿ ಯಾರ್ಯಾರೋ ಟೈಪ್ ಮಾಡಿ, ಏನೂ ಸಿಗದೆ ವಾಪಸ್ ಹೋದ ಪದಗಳ ಪಟ್ಟಿ ಅದು. ಮೊದಲ ಕಾಲಂನಲ್ಲಿ ಅವರು ಹುಡುಕಿದ್ದು. ಪಕ್ಕದಲ್ಲಿ ದಿನ, ಸಮಯ. ಕೊನೆಯ ಕಾಲಂನಲ್ಲಿ ಸಿಕ್ಕ ಪುಸ್ತಕಗಳ ಸಂಖ್ಯೆ. ಆ ಕಾಲಂ ಮೇಲಿಂದ ಕೆಳಗಿನವರೆಗೆ ಬರೀ ಸೊನ್ನೆ.

ಲೈಬ್ರರಿಯಲ್ಲಿ ಕಂಪ್ಯೂಟರಿನಿಂದ ಏನೇನು ಅನುಕೂಲ ಆಗಿದೆ ಅಂತ ಯಾರಾದರೂ ಕೇಳಿದರೆ ನಾವು ಕೊಡುವ ಪಟ್ಟಿ ಬೇರೆ. ಬಾರ್‌ಕೋಡ್ ಇದೆ, ಪುಸ್ತಕದೊಳಗಿನ ಟ್ಯಾಗನ್ನು ಗುರುತಿಸುವ ಆರ್‌ಎಫ್‌ಐಡಿ ಗೇಟ್ ಇದೆ, ಇ-ಜರ್ನಲ್ ಇದೆ, ಮನೆಯಲ್ಲೇ ಕೂತು ಓದುವ ವ್ಯವಸ್ಥೆ ಇದೆ. ವರ್ಷಕ್ಕೊಮ್ಮೆ ವರದಿಯಲ್ಲಿ ಬರೆಯುವ ಪಟ್ಟಿ ಅದು. ಸುಳ್ಳೇನಲ್ಲ. ಆದರೆ 22 ವರ್ಷ ಈ ಕೆಲಸ ಮಾಡಿದ ಮೇಲೆ, ನಮ್ಮ ಲೈಬ್ರರಿ ಹೇಗೆ ನಡೀತಿದೆ ಅಂತ ತಿಳಿಯಬೇಕಾದರೆ ನಾನು ಆ ವರದಿ ತೆಗೆಯುವುದಿಲ್ಲ. ಸೊನ್ನೆಗಳ ಪಟ್ಟಿ ತೆಗೆಯುತ್ತೇನೆ.

ಅದನ್ನು ಓದುವ ಅಭ್ಯಾಸ ಶುರುವಾದದ್ದು ಒಬ್ಬ ವಿದ್ಯಾರ್ಥಿಯಿಂದ. ಹುಡುಗನೋ ಹುಡುಗಿಯೋ ಗೊತ್ತಿಲ್ಲ, ಹುಡುಕಾಟಗಳನ್ನು ಸಿಸ್ಟಂ ದಾಖಲಿಸಿಡುವ ಲಾಗ್‌ನಲ್ಲಿ ಹೆಸರು ಇರುವುದಿಲ್ಲ. ಯಾವುದೋ ಸಮಸ್ಯೆ ಹುಡುಕಲು ಲಾಗ್ ಫೈಲ್ ತೆರೆದಿದ್ದೆ. ರಾತ್ರಿ 9 ಗಂಟೆ ಸುಮಾರಿಗೆ ಒಂದೇ ಪದವನ್ನು ನಾಲ್ಕು ನಿಮಿಷದಲ್ಲಿ ಹನ್ನೊಂದು ಸಲ ಹುಡುಕಿದ ಸಾಲುಗಳು ಕಂಡವು. ಪದ ಸೈಕಾಲಜಿ. ಇಂಗ್ಲಿಷಿನಲ್ಲಿ ಅದರ ಕಾಗುಣಿತ ಎಂಥದು ಅಂತ ಎಲ್ಲರಿಗೂ ಗೊತ್ತೇ ಇದೆ. ಪಿ ಆದ ಮೇಲೆ ಎಸ್ ಬರಬೇಕು, ಈ ವಿದ್ಯಾರ್ಥಿ ಎಚ್ ಹಾಕಿದ್ದರು. ಸೊನ್ನೆ. ಆಮೇಲೆ ಪಿ ತೆಗೆದರು. ಸೊನ್ನೆ. ವೈ ಬದಲು ಐ. ಸೊನ್ನೆ. ಮುಂದೆ 'ಬೇಸಿಕ್' ಸೇರಿಸಿದರು, ಆಮೇಲೆ 'ಬುಕ್' ಅಂತ ಸೇರಿಸಿದರು. ಕಡೆಯ ಪ್ರಯತ್ನದಲ್ಲಿ ಮತ್ತೆ ಮೊದಲಿನ ಕಾಗುಣಿತಕ್ಕೇ ಬಂದಿದ್ದರು. ಬಾಗಿಲು ಬಡಿದು ಬಡಿದು, ಒಳಗೆ ಯಾರೂ ಇಲ್ಲ ಅಂದುಕೊಂಡು ತಿರುಗಿ ಹೋಗುವವರ ಹಾಗೆ.

ಆ ವಿಷಯದ ಪುಸ್ತಕಗಳು ನಮ್ಮಲ್ಲಿ ಎರಡು ರ‍್ಯಾಕ್ ತುಂಬ ಇದ್ದವು. ಪುಸ್ತಕಗಳನ್ನು ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 150, ಕಿಟಕಿ ಪಕ್ಕದ ಸಾಲು.

ಇಲ್ಲಿ ತಪ್ಪು ಯಾರದು? ವಿದ್ಯಾರ್ಥಿಗೆ ಸ್ಪೆಲಿಂಗ್ ಬರಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಮ್ಮ ಕಾಮನ್ ರೂಮಿನಲ್ಲಿ ನಾನಿದನ್ನು ಹೇಳಿದಾಗ ಇಬ್ಬರು ಹಾಗೇ ಅಂದರು ಕೂಡ. ಆದರೆ ಅದೇ ವಿದ್ಯಾರ್ಥಿ ಕೌಂಟರಿಗೆ ಬಂದು 'ಮೇಡಂ, ಸೈಕಾಲಜಿ ಬುಕ್ ಎಲ್ಲಿದೆ' ಅಂತ ಕೇಳಿದ್ದರೆ ನಾನು ಸ್ಪೆಲಿಂಗ್ ಕೇಳುತ್ತಿದ್ದೆನಾ? ಕೈ ತೋರಿಸುತ್ತಿದ್ದೆ, ಅಷ್ಟೆ. ಮನುಷ್ಯರಿಗೆ ಅರ್ಥವಾಗುವ ಪ್ರಶ್ನೆಯನ್ನು ಯಂತ್ರದ ಮುಂದೆ ಇಟ್ಟಾಗ ಸೊನ್ನೆ ಬಂತು. ಆ ಸೊನ್ನೆಯ ಅರ್ಥ 'ನಿನ್ನ ಮಾತು ನನಗೆ ತಿಳಿಯಲಿಲ್ಲ' ಅಂತ. ಪರದೆ ಮೇಲೆ ಅದು ಕಾಣುವುದು 'ನಮ್ಮಲ್ಲಿ ಇಲ್ಲ' ಅನ್ನುವ ಹಾಗೆ. ಎರಡಕ್ಕೂ ಅಜಗಜಾಂತರ ಇದೆ ಅಲ್ವಾ?

ಹಳೆಯ ಕಾರ್ಡ್ ಕ್ಯಾಟಲಾಗನ್ನು ನೆನೆದು ಕಣ್ಣೊರೆಸಿಕೊಳ್ಳುವವರ ಪೈಕಿ ನಾನಲ್ಲ. ಒಂದು ಪುಸ್ತಕಕ್ಕೆ ಲೇಖಕರ ಕಾರ್ಡ್ ಒಂದು, ಶೀರ್ಷಿಕೆಯದು ಒಂದು, ವಿಷಯದ್ದು ಒಂದೋ ಎರಡೋ. ಎಲ್ಲವನ್ನೂ ಟೈಪ್ ಮಾಡಬೇಕು. ಕೆಳಗಿನ ತೂತಿಗೆ ಸರಳು ಪೋಣಿಸಿದ ಡ್ರಾಯರಿನಲ್ಲಿ ಅವನ್ನು ಅಕ್ಷರಾನುಕ್ರಮದಲ್ಲಿ ಸಿಕ್ಕಿಸಬೇಕು. ಒಂದು ಕಾರ್ಡ್ ತಪ್ಪು ಜಾಗದಲ್ಲಿ ಕೂತರೆ ಆ ಪುಸ್ತಕ ಇದ್ದೂ ಇಲ್ಲದ ಹಾಗೆ. ಹತ್ತು ವರ್ಷ ಹಾಗೇ ಇರಬಹುದು. ಅಮೆರಿಕದ ಒಸಿಎಲ್‌ಸಿ ಸಂಸ್ಥೆ ಜಗತ್ತಿನ ಲೈಬ್ರರಿಗಳಿಗೆ ಇಂಥ ಕಾರ್ಡ್ ಮುದ್ರಿಸಿ ಕಳಿಸುತ್ತಿತ್ತು. 2015ರ ಅಕ್ಟೋಬರ್ 1ಕ್ಕೆ ಕೊನೆಯ ಕಾರ್ಡುಗಳನ್ನು ಅಚ್ಚು ಹಾಕಿ ಆ ಕೆಲಸ ನಿಲ್ಲಿಸಿತು. ಅಷ್ಟು ತಡವಾಗಿ ನಿಂತಿತು ಅನ್ನುವುದೇ ನನಗೆ ಆಶ್ಚರ್ಯ.

ಆದರೂ ಆ ಡ್ರಾಯರಿನಲ್ಲಿ ಒಂದು ಗುಣ ಇತ್ತು. ಅದು ಸೊನ್ನೆ ಅನ್ನುತ್ತಿರಲಿಲ್ಲ. ನೀವು ಕಾಗುಣಿತ ತಪ್ಪಿ ಪಿ-ಎಚ್ ಸಾಲು ತೆರೆದರೂ ಬೆರಳ ತುದಿಗೆ ಏನೋ ಒಂದು ಕಾರ್ಡ್ ಸಿಗುತ್ತಿತ್ತು. 'ಅಯ್ಯೋ ಇಲ್ಲಿ ಇರಲ್ಲ' ಅಂತ ಕಣ್ಣಿಗೇ ಗೊತ್ತಾಗಿ ಮುಂದೆ ಸರಿಯುತ್ತಿದ್ದಿರಿ. ಪಕ್ಕದ ಕಾರ್ಡ್ ದಾರಿ ಹೇಳುತ್ತಿತ್ತು. ಹುಡುಕುವ ಡಬ್ಬಿಗೆ ಪಕ್ಕ ಅನ್ನುವುದೇ ಇಲ್ಲ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಬಿಳಿ ಪರದೆ.

ಕ್ಯಾಟಲಾಗನ್ನು ಯಂತ್ರ ಓದುವ ಹಾಗೆ ಮಾಡಿದವರು ಹೆನ್ರಿಯೆಟ್ ಅವ್ರಂ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅವರು ರೂಪಿಸಿದ 'ಮಾರ್ಕ್' ಎಂಬ ನಮೂನೆಯೇ ಇವತ್ತಿಗೂ ನಮ್ಮ ಅನ್ನ. ತಮಾಷೆ ಅಂದರೆ ಆಕೆ ಲೈಬ್ರರಿ ಸೈನ್ಸ್ ಓದಿದವರಲ್ಲ, ಪ್ರೋಗ್ರಾಮರ್. ಪುಸ್ತಕದ ಪ್ರತಿ ವಿವರಕ್ಕೂ ಒಂದು ಸಂಖ್ಯೆ. 100 ಅಂದರೆ ಲೇಖಕರು. 245 ಅಂದರೆ ಶೀರ್ಷಿಕೆ. 650 ಅಂದರೆ ವಿಷಯ. ಕ್ಯಾಟಲಾಗ್ ಮಾಡುವವರು ಪರಸ್ಪರ ಮಾತಾಡುವಾಗ 'ಶೀರ್ಷಿಕೆ ತಪ್ಪಿದೆ' ಅನ್ನುವುದಿಲ್ಲ, '245 ನೋಡ್ರಿ' ಅನ್ನುತ್ತಾರೆ.

ಆ 245ರ ಪಕ್ಕ ಒಂದು ಪುಟ್ಟ ಅಂಕಿ ಇರುತ್ತದೆ. ಅಕ್ಷರಾನುಕ್ರಮದಲ್ಲಿ ಜೋಡಿಸುವಾಗ ಶುರುವಿನ ಎಷ್ಟು ಅಕ್ಷರ ಬಿಟ್ಟು ನೋಡಬೇಕು ಅಂತ ಯಂತ್ರಕ್ಕೆ ಹೇಳುವ ಅಂಕಿ. ಇಂಗ್ಲಿಷ್ ಪುಸ್ತಕದ ಹೆಸರು 'ದಿ' ಅಂತ ಶುರುವಾದರೆ ಮೂರು ಅಕ್ಷರ, ಆಮೇಲೆ ಒಂದು ಖಾಲಿ ಜಾಗ, ಒಟ್ಟು 4. ಅಲ್ಲಿ 4 ಹಾಕುವ ಬದಲು 0 ಹಾಕಿದಿರೋ, ಆ ಪುಸ್ತಕ ಟಿ ಅಕ್ಷರದ ರಾಶಿಯಲ್ಲಿ ಬಿದ್ದು ಕಾಣದಂತಾಗುತ್ತದೆ. ಮನುಷ್ಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಯಂತ್ರಕ್ಕೆ ಪ್ರತಿ ಪುಸ್ತಕಕ್ಕೂ ಹೇಳಬೇಕು. ಮಾಹಿತಿ ತಂತ್ರಜ್ಞಾನ ಅಂತ ದೊಡ್ಡದಾಗಿ ಕರೆಯುವುದರ ಒಳಗೆ ಇರುವುದು ಹೆಚ್ಚುಪಾಲು ಇಂಥ ಕೆಲಸವೇ. ಯಾರೂ ನೋಡದ ಕಡೆ, ಒಂದು ಅಂಕಿಯನ್ನು ಸರಿಯಾಗಿ ಹಾಕುವುದು.

ಸೈಕಾಲಜಿ ಘಟನೆ ಆದ ಮೇಲೆ ನಾನು ಮಾಡಿದ ಮೊದಲ ಕೆಲಸ ಕಾಗುಣಿತ ತಪ್ಪಿದರೆ 'ನೀವು ಹೇಳಿದ್ದು ಇದಾ?' ಅಂತ ಕೇಳುವ ಸೌಲಭ್ಯವನ್ನು ಆನ್ ಮಾಡಿದ್ದು. ಅದು ಸಾಫ್ಟ್‌ವೇರಿನಲ್ಲಿ ಮೊದಲಿನಿಂದಲೂ ಇತ್ತು. ಯಾರೂ ಆನ್ ಮಾಡಿರಲಿಲ್ಲ. ಯಾರೂ ಅಂದರೆ ನಾನೇ.

ಇಂಗ್ಲಿಷಿನ ಕಥೆ ಇಷ್ಟಾದರೆ ಬೇರೆ ಲಿಪಿಗಳದ್ದು ಇನ್ನೊಂದು. ಲೇಖಕರ ಹೆಸರು ಒಂದೇ, ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಬಗೆ ಐದು. ಒಬ್ಬರು ಡಬಲ್ ಎ ಹಾಕುತ್ತಾರೆ, ಒಬ್ಬರು ಒಂದೇ ಎ ಹಾಕುತ್ತಾರೆ, ಕೊನೆಗೆ ಒಬ್ಬರು ಎಚ್ ಅಂಟಿಸುತ್ತಾರೆ. ಇನಿಷಿಯಲ್ ಮುಂದೆ ಬರಬೇಕೋ ಹಿಂದೆ ಬರಬೇಕೋ ಅನ್ನುವ ಜಗಳ ಬೇರೆ. ಚೀನೀ, ಅರಬ್ಬಿ, ರಷ್ಯನ್ ಪುಸ್ತಕ ಇಟ್ಟುಕೊಂಡ ಲೈಬ್ರರಿಗಳದ್ದೂ ಇದೇ ಗೋಳು. ಕನ್ನಡ ಲಿಪಿಯಲ್ಲೇ ನೇರವಾಗಿ ಹಾಕಿಬಿಟ್ಟರೆ ಸಮಸ್ಯೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅಲ್ಲೂ ಒಂದು ಸೂಕ್ಷ್ಮ ಇದೆ. 'ಸಾಫ್ಟ್‌ವೇರ್' ಅನ್ನುವ ಪದವನ್ನು ಟಕಾರಕ್ಕೆ ವ ಒತ್ತು ಬೀಳದ ಹಾಗೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಹಾಕುತ್ತೇವೆ. ಕ್ಯಾಟಲಾಗ್ ಮಾಡಿದವರು ಅದನ್ನು ಹಾಕಿರುತ್ತಾರೆ, ಹುಡುಕುವವರು ಹಾಕುವುದಿಲ್ಲ. ಅದನ್ನು ಕಡೆಗಣಿಸು ಅಂತ ಸಿಸ್ಟಂಗೆ ಮೊದಲೇ ಹೇಳಿಡದಿದ್ದರೆ ಬರುವುದು ಸೊನ್ನೆ. ಕಾಣದ ಚಿಹ್ನೆಯನ್ನು ಹುಡುಕುತ್ತಾ ನಾನು ಒಂದಿಡೀ ಮಧ್ಯಾಹ್ನ ಕಳೆದಿದ್ದೇನೆ. ಆವತ್ತು ಬಂದು ನೋಡಿದವರಿಗೆ ನಾನು ಸುಮ್ನೆ ಪರದೆ ನೋಡುತ್ತಾ ಕೂತಿದ್ದೇನೆ ಅನ್ನಿಸಿರಬೇಕು.

ಇದಕ್ಕೆಲ್ಲ ನಮ್ಮ ಕಸುಬಿನಲ್ಲಿ ಹಳೆಯ ಮದ್ದು ಇದೆ. ಅಥಾರಿಟಿ ಫೈಲ್ ಅನ್ನುತ್ತೇವೆ. ಒಂದು ಹೆಸರಿಗೆ ಒಂದು ಅಧಿಕೃತ ರೂಪ ಇಟ್ಟುಕೊಂಡು, ಉಳಿದ ರೂಪಗಳನ್ನೆಲ್ಲ ಅದಕ್ಕೆ ಕಟ್ಟಿಹಾಕುವುದು. ಯಾವ ರೂಪದಲ್ಲಿ ಹುಡುಕಿದರೂ ಅಲ್ಲಿಗೇ ಬರಬೇಕು. ಸೋಮವಾರದ ಪಟ್ಟಿಯಿಂದ ನಾನು ವಾರಕ್ಕೆ ಹತ್ತು ಹದಿನೈದು ಇಂಥ ಗಂಟು ಹಾಕುತ್ತೇನೆ. ವಿಷಯಗಳಿಗೂ ಹಾಗೇ. ಹಾರ್ಟ್ ಅಟ್ಯಾಕ್ ಅಂತ ಹುಡುಕಿದವರನ್ನು ವೈದ್ಯಕೀಯದ ಅಧಿಕೃತ ಹೆಸರಿನ ಹತ್ತಿರ ಕರೆದುಕೊಂಡು ಹೋಗಿ ಬಿಡಬೇಕು. ಓದುಗರು ಬಳಸುವ ಪದಕ್ಕೂ ಪುಸ್ತಕ ಬಳಸುವ ಪದಕ್ಕೂ ನಡುವೆ ಒಂದು ಕಾಲುದಾರಿ ಬೇಕಲ್ಲ. ಅದನ್ನು ಸವೆಸುವ ಕೆಲಸ ನಮ್ಮದು.

ಸೊನ್ನೆ ಅಂದಾಗ ನೆನಪಾಯಿತು. ನಾವು ಬಳಸುವ ಲೈಬ್ರರಿ ಸಾಫ್ಟ್‌ವೇರ್ 'ಕೋಹಾ' ಹುಟ್ಟಿದ್ದೇ ಸೊನ್ನೆಯ ದೆಸೆಯಿಂದ. ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿ ಟ್ರಸ್ಟ್ ಹತ್ತಿರ ಇದ್ದ ಹಳೆಯ ಸಿಸ್ಟಂಗೆ 2000ನೇ ಇಸವಿಯ ಸೊನ್ನೆಗಳನ್ನು ಸಂಭಾಳಿಸಲು ಆಗುತ್ತಿರಲಿಲ್ಲ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದ ಕಾಲದ ತಾಪತ್ರಯ ಅದು. ಹೊಸದನ್ನು ಕೊಳ್ಳುವ ಬದಲು 1999ರಲ್ಲಿ ಅವರು ತಮಗೆ ಬೇಕಾದ್ದನ್ನು ಬರೆಸಿಕೊಂಡರು. 2000ದ ಜನವರಿ ಮೊದಲ ವಾರದಲ್ಲಿ ಅದು ಓಡಲು ಶುರುವಾಯಿತು. ಆಮೇಲೆ ಯಾರು ಬೇಕಾದರೂ ಬಳಸಿಕೊಳ್ಳಿ, ತಿದ್ದಿಕೊಳ್ಳಿ ಅಂತ ಬಿಟ್ಟುಕೊಟ್ಟರು. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಕಾಣಿಕೆ. ಪುಸ್ತಕ ಎರವಲು ಕೊಡುವವರು ಸಾಫ್ಟ್‌ವೇರನ್ನೂ ಕೊಟ್ಟರು. ಅದರಲ್ಲಿ ಅಂಥ ಆಶ್ಚರ್ಯ ಏನಿಲ್ಲ ಬಿಡಿ.

ಉಚಿತ ಅಂದರೆ ಕೆಲಸ ಕಡಿಮೆ ಅಂತ ಅರ್ಥ ಅಲ್ಲ. ಅದನ್ನು ನಾನು ಕಲಿತದ್ದು ನನ್ನದೇ ಒಂದು ಎಡವಟ್ಟಿನಿಂದ.

ಒಂದು ಶನಿವಾರ ಸಂಜೆ, ಹೊರಡುವ ಆತುರದಲ್ಲಿ, ರೆಫರೆನ್ಸ್ ವಿಭಾಗದ ಸುಮಾರು 300 ಪುಸ್ತಕಗಳಿಗೆ 'ಮನೆಗೆ ಕೊಡುವಂತಿಲ್ಲ' ಅಂತ ಗುರುತು ಹಾಕಬೇಕಿತ್ತು. ಒಂದೊಂದಾಗಿ ಮಾಡುವ ಬದಲು ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ದಾರಿ ಇದೆ. ಶರತ್ತು ಬರೆದೆ, ಬಟನ್ ಒತ್ತಿದೆ, ಮನೆಗೆ ಹೋದೆ. ಶರತ್ತಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಗುರುತು ಬಿದ್ದದ್ದು 300ಕ್ಕಲ್ಲ, ಒಂದಿಡೀ ಮಹಡಿಯ ಪುಸ್ತಕಗಳಿಗೆ. ಆ ಸೋಮವಾರ ನನಗೆ ರಜೆ. ಮಂಗಳವಾರ ಮಧ್ಯಾಹ್ನ ಗೊತ್ತಾಯಿತು.

ಗೊತ್ತಾದದ್ದು ಹೇಗೆ ಅಂದರೆ, ಕೌಂಟರಿನಲ್ಲಿ ಯಾಕೋ ಜನ ಕಡಿಮೆ ಅನ್ನಿಸಿ ನಾನೇ ಇಶ್ಯೂ ಲೆಕ್ಕ ತೆಗೆದು ನೋಡಿದ್ದರಿಂದ. ಒಂದೂವರೆ ದಿನ ಒಂದು ಮಹಡಿಯ ಯಾವ ಪುಸ್ತಕವೂ ಯಾರಿಗೂ ಸಿಕ್ಕಿಲ್ಲ, ಒಬ್ಬರೂ ಬಂದು ದೂರು ಹೇಳಿಲ್ಲ. ಸ್ವಯಂ ಇಶ್ಯೂ ಯಂತ್ರ ಕೆಂಪು ದೀಪ ತೋರಿಸಿದೆ, ಅವರು ಪುಸ್ತಕವನ್ನು ಟ್ರಾಲಿ ಮೇಲಿಟ್ಟು ಹೊರಟುಹೋಗಿದ್ದಾರೆ. ಟ್ರಾಲಿ ತುಂಬಿತ್ತು. ಅವತ್ತು ಅದನ್ನು ನೋಡಿ ನನಗೆ ಹೊಟ್ಟೆ ತೊಳಸಿತು. ಗುರುತು ತೆಗೆಯಲು ಹತ್ತು ನಿಮಿಷ ಸಾಕಾಯಿತು. ಆದರೆ ಆ ಮೌನ ಹೋಗಲಿಲ್ಲ ತಲೆಯಿಂದ. ಮನುಷ್ಯರು 'ಇಲ್ಲ' ಅಂದರೆ 'ಯಾಕೆ?' ಅಂತ ಕೇಳುತ್ತೇವೆ. ಯಂತ್ರ 'ಇಲ್ಲ' ಅಂದರೆ ಒಪ್ಪಿಕೊಂಡು ಹೋಗುತ್ತೇವೆ.

ಆಮೇಲಿಂದ ಸ್ವಯಂ ಇಶ್ಯೂ ಯಂತ್ರದ ಪಕ್ಕ ಒಂದು ಕುರ್ಚಿ ಹಾಕಿ ನಮ್ಮ ಸಹಾಯಕರೊಬ್ಬರನ್ನು ಕೂರಿಸಿದ್ದೇವೆ. ಯಂತ್ರ ಹಾಕಿದ್ದೇ ಒಬ್ಬರ ಕೆಲಸ ಉಳಿಸೋಕೆ, ಈಗ ಅದರ ಪಕ್ಕ ಒಬ್ಬರಾ ಅಂತ ಕಮಿಟಿಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಟ್ರಾಲಿಯ ಕಥೆ ಹೇಳಿದೆ.

ಆರ್‌ಎಫ್‌ಐಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಸ್ತಕದೊಳಗೆ ಅಂಟಿಸುವ ತೆಳು ಟ್ಯಾಗ್, 13.56 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ, ಬ್ಯಾಟರಿ ಬೇಡ. ರ‍್ಯಾಕಿನ ಮುಂದೆ ರೀಡರ್ ಹಿಡಿದು ನಡೆದರೆ ಪುಸ್ತಕಗಳನ್ನು ಹೊರತೆಗೆಯದೆ ಎಣಿಸಬಹುದು. ಸ್ಟಾಕ್ ವೆರಿಫಿಕೇಶನ್‌ಗೆ ಅಂತ ವಾರಗಟ್ಟಲೆ ಬಾಗಿಲು ಹಾಕಿಕೊಂಡು ಧೂಳು ಕುಡಿದ ನಮಗೆ ಅದು ವರವೇ. ಹೊಳೆಯುವ ಲೋಹದ ಹಾಳೆಯ ರಕ್ಷಾಪುಟ ಇರುವ ಪುಸ್ತಕಗಳಿಗೆ ಮಾತ್ರ ಅದು ಕೈ ಕೊಡುತ್ತದೆ. ಅಷ್ಟೆ.

ನಿಜವಾದ ಬದಲಾವಣೆ ಆದದ್ದು ಜರ್ನಲ್ ವಿಭಾಗದಲ್ಲಿ. ಮೊದಲು ಜರ್ನಲ್ ಅಂದರೆ ಕಾಣುವ ವಸ್ತು. ಹೊಸ ಸಂಚಿಕೆ ಮುಂದಿನ ಸ್ಟ್ಯಾಂಡಿನಲ್ಲಿ, ಹಳೆಯವು ಬೈಂಡ್ ಆಗಿ ಹಿಂದೆ. ಈಗ ಅದು ಒಂದು ಕೊಂಡಿ. ಕ್ಯಾಂಪಸ್ಸಿನ ನೆಟ್‌ವರ್ಕಿನಿಂದ ಬಂದವರು ಅಂತ ಪ್ರಕಾಶಕರ ಸರ್ವರ್‌ಗೆ ಐಪಿ ವಿಳಾಸದಿಂದ ಗೊತ್ತಾಗುತ್ತದೆ, ಬಾಗಿಲು ತೆರೆಯುತ್ತದೆ. ಮನೆಯಲ್ಲಿದ್ದರೆ ನಮ್ಮ ಪ್ರಾಕ್ಸಿ ಸರ್ವರ್ ಮೂಲಕ ಹಾದು ಹೋಗಬೇಕು, ಆಗಲೂ ತೆರೆಯುತ್ತದೆ. ಎಷ್ಟು ಸಲೀಸಾಗಿ ತೆರೆಯುತ್ತದೆ ಅಂದರೆ ನಡುವೆ ಲೈಬ್ರರಿ ಅಂತ ಒಂದಿದೆ ಅನ್ನುವುದೇ ಕಾಣುವುದಿಲ್ಲ. ಹಿರಿಯ ಪ್ರಾಧ್ಯಾಪಕರೊಬ್ಬರು ಒಮ್ಮೆ ನನ್ನ ಹತ್ತಿರವೇ ಹೇಳಿದರು: 'ಈಗ ಲೈಬ್ರರಿಗೆ ಬರೋದೇ ಬೇಡ ನೋಡಿ ಮೇಡಂ, ಎಲ್ಲ ಪೇಪರೂ ನೆಟ್‌ನಲ್ಲಿ ಫ್ರೀಯಾಗಿ ಸಿಗುತ್ತೆ.' ಅವರು ಆ ಬೆಳಿಗ್ಗೆ ಇಳಿಸಿಕೊಂಡಿದ್ದ ಜರ್ನಲ್‌ನ ಚಂದಾ ನಮ್ಮ ಬಜೆಟ್ಟಿನ ದೊಡ್ಡ ತುತ್ತು. ನಾನು ನಕ್ಕು ಸುಮ್ಮನಾದೆ. ಕೆಲಸ ಚೆನ್ನಾಗಿ ಆಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಮುಂದಿನ ತಿಂಗಳು ಚಂದಾ ಕಡಿತದ ಮೀಟಿಂಗಿನಲ್ಲಿ ಅದೇ ಪ್ರಾಧ್ಯಾಪಕರು ಕೂತಿರುತ್ತಾರಲ್ಲ.

ಅಲ್ಲೂ ನನಗೆ ನೆರವಿಗೆ ಬಂದದ್ದು ಒಂದು ಸೊನ್ನೆಗಳ ಪಟ್ಟಿಯೇ. ಇ-ಜರ್ನಲ್‌ಗಳ ಬಳಕೆ ಲೆಕ್ಕ ಹಾಕಲು 'ಕೌಂಟರ್' ಅನ್ನುವ ಅಂತರರಾಷ್ಟ್ರೀಯ ಪದ್ಧತಿ ಇದೆ. ಎಲ್ಲ ಪ್ರಕಾಶಕರೂ ಒಂದೇ ಅಳತೆಯಲ್ಲಿ ಲೆಕ್ಕ ಕೊಡಬೇಕು ಅಂತ ಮಾಡಿದ್ದು. ಎಷ್ಟು ಸಲ ಓದಿದರು ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಅದರಲ್ಲಿ ಇನ್ನೊಂದು ಸಾಲೂ ಇರುತ್ತದೆ: ಎಷ್ಟು ಸಲ ಬಾಗಿಲ ತನಕ ಬಂದು, ಚಂದಾ ಇಲ್ಲ ಅಂತ ವಾಪಸ್ ಹೋದರು. ನಾವು ಕೊಳ್ಳದ ಯಾವ ಜರ್ನಲ್‌ಗೆ ಜನ ತಲೆ ಬಡಿದುಕೊಳ್ಳುತ್ತಿದ್ದಾರೆ ಅಂತ ಅದು ಹೇಳುತ್ತದೆ. ಆ ಸಾಲು ಇಟ್ಟುಕೊಂಡು ಮೀಟಿಂಗಿಗೆ ಹೋದೆ. ಯಾರೂ ಓದದ ಎರಡು ಬಿಟ್ಟೆವು, ಬಾಗಿಲು ಬಡಿಸಿಕೊಂಡ ಒಂದನ್ನು ತಂದೆವು. ಫ್ರೀ ಅಂದ ಪ್ರಾಧ್ಯಾಪಕರೇ ಅದಕ್ಕೆ ಮೊದಲು ಕೈ ಎತ್ತಿದ್ದು.

ಇಲ್ಲಿಯವರೆಗೆ ನನ್ನ ತಕರಾರೆಲ್ಲ ಯಂತ್ರ ಬೇಗ ಸೊನ್ನೆ ಹೇಳುತ್ತದೆ ಅನ್ನುವುದು. ಈಗ ಬಂದಿರುವುದು ಅದರ ಉಲ್ಟಾ. ಈ ಹೊಸ ಯಂತ್ರಕ್ಕೆ ಸೊನ್ನೆ ಹೇಳಲು ಬಾಯೇ ಬರುವುದಿಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಮುಂದಿನ ವರ್ಷವೇ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಹದಿನಾಲ್ಕು ಲೇಖನಗಳ ಪಟ್ಟಿ ಹಿಡಿದು ಬಂದಳು. ಅಚ್ಚುಕಟ್ಟಾದ ಪಟ್ಟಿ. ಲೇಖಕರು, ವರ್ಷ, ಶೀರ್ಷಿಕೆ, ಜರ್ನಲ್, ಸಂಪುಟ, ಪುಟ, ಎಲ್ಲ ಇದೆ.

'ಮೇಡಂ, ಇದರಲ್ಲಿ ಐದು ನಮ್ಮಲ್ಲಿ ಸಿಗ್ತಿಲ್ಲ. ಬೇರೆ ಲೈಬ್ರರಿಯಿಂದ ತರಿಸಿಕೊಡ್ತೀರಾ?'

ತರಿಸಿಕೊಡುವುದು ನಮ್ಮ ಮಾಮೂಲಿ ಕೆಲಸ. ಮೊದಲನೆಯದರ ಡಿಓಐ ಹಾಕಿದೆ. 10ರಿಂದ ಶುರುವಾಗುವ ಉದ್ದನೆ ಗುರುತು ಅದು. ಜರ್ನಲ್‌ನ ವೆಬ್ ವಿಳಾಸ ಬದಲಾದರೂ ಲೇಖನಕ್ಕೆ ದಾರಿ ತಪ್ಪಬಾರದು ಅಂತ ಕೊಡುವ ಕಾಯಂ ಸಂಖ್ಯೆ. ತೆರೆದದ್ದು ಬೇರೆ ಯಾವುದೋ ಲೇಖನ, ವಿಷಯಕ್ಕೆ ಸಂಬಂಧವೇ ಇಲ್ಲ. ಟೈಪಿಂಗ್ ತಪ್ಪಿರಬಹುದು ಅಂತ ಜರ್ನಲ್‌ನ ತಾಣಕ್ಕೇ ಹೋದೆ. ಜರ್ನಲ್ ನಿಜ. ಆ ಸಂಪುಟ ನಿಜ, ಸಂಚಿಕೆಯೂ ನಿಜ. ಪಟ್ಟಿಯ ಪ್ರಕಾರ ಲೇಖನ 112ನೇ ಪುಟದಲ್ಲಿ ಶುರುವಾಗಬೇಕು. ನಿಜವಾದ ಸಂಚಿಕೆಯಲ್ಲಿ 112ನೇ ಪುಟ ಇನ್ಯಾವುದೋ ಲೇಖನದ ನಟ್ಟನಡುವೆ ಇತ್ತು. ಲೇಖಕರ ಹೆಸರು ಹುಡುಕಿದೆ. ಅವರೂ ನಿಜ. ಅದೇ ವಿಷಯದಲ್ಲಿ ಕೆಲಸ ಮಾಡುವವರೇ. ಈ ಲೇಖನ ಮಾತ್ರ ಅವರು ಬರೆದೇ ಇಲ್ಲ.

'ಇದು ಇಲ್ಲಮ್ಮ' ಅಂದೆ.

'ನಮ್ಮಲ್ಲಿ ಇಲ್ವಾ ಮೇಡಂ?'

'ಎಲ್ಲೂ ಇಲ್ಲ.'

ಅವಳ ಮುಖ ನೋಡಬೇಕಿತ್ತು. ನಾಚಿಕೆಗಿಂತ ಹೆಚ್ಚಾಗಿ ಗೊಂದಲ. 'ಆದ್ರೆ ಪುಟ ಸಂಖ್ಯೆನೂ ಕೊಟ್ಟಿದೆಯಲ್ಲಾ' ಅಂದಳು. ಆ ಮಾತಿನಲ್ಲಿ ಎಲ್ಲ ಇದೆ. ಪುಟ ಸಂಖ್ಯೆ ಕೊಡುವವರು ಪುಸ್ತಕ ನೋಡಿಯೇ ಕೊಟ್ಟಿರುತ್ತಾರೆ ಅಂತ ನಾವು ನಂಬಿ ಬೆಳೆದವರು. ಯಾವ ಪದದ ಪಕ್ಕ ಯಾವ ಪದ ಬರುವ ಸಾಧ್ಯತೆ ಹೆಚ್ಚು ಅಂತ ನೋಡಿ ವಾಕ್ಯ ಕಟ್ಟುವ ಯಂತ್ರಕ್ಕೆ ಪರಾಮರ್ಶನದ ಸಾಲು ಬರೆಯುವುದು ಬಲು ಸುಲಭ, ಯಾಕಂದರೆ ಆ ಸಾಲುಗಳು ಎಲ್ಲ ಕಡೆ ಒಂದೇ ಅಚ್ಚಿನವು. ಆ ಅಚ್ಚಿಗೆ ಹೊಂದುವ ಹೆಸರು, ವರ್ಷ, ಅಂಕಿ ತುಂಬಿದರೆ ಆಯಿತು. ಐದರಲ್ಲಿ ನಾಲ್ಕು ಹೀಗೆ ಹುಟ್ಟಿದವು. ಐದನೆಯದು ನಿಜವಾಗಿ ಇತ್ತು, ವರ್ಷ ಮಾತ್ರ ತಪ್ಪಿತ್ತು. ಅದನ್ನು ತರಿಸಿಕೊಟ್ಟೆ.

ಈ ನಡುವೆ ಹುಡುಕಾಟಕ್ಕೆ ಜೋಡಿಸಿದ ಎಐ ಸಾಧನಗಳು ಬಂದಿವೆ, ಮೊದಲು ನಿಜವಾದ ದಾಖಲೆ ಹುಡುಕಿ ಆಮೇಲೆ ಉತ್ತರ ಬರೆಯುವಂಥವು. ಪರವಾಗಿಲ್ಲ, ನಾನೂ ಬಳಸುತ್ತೇನೆ. ಉದ್ದದ ವರದಿಯಲ್ಲಿ ಏನಿದೆ ಅಂತ ಬೇಗ ತಿಳಿಯಲು, ಗೊತ್ತಿಲ್ಲದ ವಿಷಯದಲ್ಲಿ ಯಾವ ಪದ ಹಾಕಿ ಹುಡುಕಬೇಕು ಅಂತ ಕೇಳಲು ಚೆನ್ನಾಗಿವೆ. ಆದರೆ ದಾಖಲೆಯಲ್ಲಿ ಇಲ್ಲದ್ದನ್ನು ಅದರ ಬಾಯಲ್ಲಿ ಹೇಳಿಸುವುದು ಅವಕ್ಕೂ ತಪ್ಪಿಲ್ಲ. ಕೊಂಡಿ ಒತ್ತಿ ಮೂಲ ನೋಡಲೇಬೇಕು.

ನಮ್ಮ ಹಳೆಯ ಆನ್‌ಲೈನ್ ಕ್ಯಾಟಲಾಗಿನ ಮೇಲೆ ನನಗೆ ಈಗ ಸ್ವಲ್ಪ ಗೌರವ ಬಂದಿದೆ. ಪಾಪ, ಅದಕ್ಕೆ ಗೊತ್ತಾಗದಿದ್ದರೆ ಸೊನ್ನೆ ಅನ್ನುತ್ತಿತ್ತು. ಒರಟು, ಆದರೆ ಕಥೆ ಕಟ್ಟುತ್ತಿರಲಿಲ್ಲ. ಸಂಶೋಧನೆ ಮಾಡುವವರಿಗೆ ಸೊನ್ನೆ ಒಂದು ಉತ್ತರವೇ. ಈ ವಿಷಯದ ಮೇಲೆ ಯಾರೂ ಬರೆದಿಲ್ಲ ಅಂತ ನಿಜವಾಗಿ ತಿಳಿದರೆ, ಅಲ್ಲಿಂದಲೇ ಒಂದು ಥೀಸಿಸ್ ಹುಟ್ಟಬಹುದು. ಅದಕ್ಕೇ ಆ ಸೊನ್ನೆ ನಂಬುವಂಥದ್ದಾಗಿರಬೇಕು. ಕಾಗುಣಿತದ ಸೊನ್ನೆ ಆಗಿರಬಾರದು, ಚಂದಾ ಇಲ್ಲದ ಸೊನ್ನೆ ಆಗಿರಬಾರದು, ಸರ್ವರ್ ಬಿದ್ದ ಸೊನ್ನೆ ಆಗಿರಬಾರದು.

ಸರ್ವರ್ ಬೀಳುವುದು ಅಂದರೆ ಏನು ಅಂತ ಲಂಡನ್ನಿನ ಬ್ರಿಟಿಷ್ ಲೈಬ್ರರಿ ನೋಡಿದೆ. 2023ರ ಅಕ್ಟೋಬರ್ ಕೊನೆಯಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಗೆ ಅದರ ಸಿಸ್ಟಂಗಳು ಕುಸಿದವು. ಮುಖ್ಯ ಕ್ಯಾಟಲಾಗ್ ಮತ್ತೆ ಜನರಿಗೆ ಸಿಕ್ಕಿದ್ದು 2024ರ ಜನವರಿ ಮಧ್ಯದಲ್ಲಿ, ಅದೂ ಹುಡುಕಲಿಕ್ಕೆ ಮಾತ್ರ. ಪುಸ್ತಕಗಳಿಗೆ ಏನೂ ಆಗಿರಲಿಲ್ಲ. ಎಲ್ಲ ಅಲ್ಲಲ್ಲೇ ಇದ್ದವು. ಯಾವುದು ಎಲ್ಲಿದೆ ಅಂತ ಹೇಳುವ ನೆನಪು ಹೋಗಿತ್ತು, ಅಷ್ಟೆ. ಆ ಸುದ್ದಿ ಓದಿದ ರಾತ್ರಿ ನಾನು ನಮ್ಮ ಬ್ಯಾಕಪ್ ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿದ್ದೆವು ಅಂತ ಯೋಚಿಸಿದೆ. ಬ್ಯಾಕಪ್ ದಿನಾ ಆಗುತ್ತಿತ್ತು. ಅದರಿಂದ ವಾಪಸ್ ತಂದು ನೋಡಿದ್ದು ಮಾತ್ರ ಒಮ್ಮೆಯೂ ಇಲ್ಲ. ಮರುದಿನ ತಂದು ನೋಡಿದೆವು. ಮೊದಲ ಸಲ ಬರಲಿಲ್ಲ. ಎರಡನೇ ಸಲ ಬಂತು. ಆ ಎರಡರ ನಡುವಿನ ಮೂರು ಗಂಟೆ ನಾವ್ಯಾರೂ ಊಟಕ್ಕೆ ಏಳಲಿಲ್ಲ.

ನಮ್ಮ ದೇಶದ ಲೈಬ್ರರಿ ಸೈನ್ಸಿನ ಪಿತಾಮಹ ರಂಗನಾಥನ್ ಅವರು 1931ರಲ್ಲಿ ಬರೆದ ಲೈಬ್ರರಿಯ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುವುದು. ಓದುವಾಗ ಅದನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೆ. ಇವತ್ತು ಅದರ ಪಕ್ಕ ಒಂದು ಪ್ರಶ್ನೆ ಬರೆದುಕೊಂಡಿದ್ದೇನೆ: ಯಾರ ಸಮಯ ಕೊಟ್ಟು? ಸೈಕಾಲಜಿ ಹುಡುಕಿದವರ ನಾಲ್ಕು ನಿಮಿಷ ಉಳಿಸಲು ನನ್ನ ಒಂದು ಸೋಮವಾರ ಹೋಗುತ್ತದೆ. ನನಗೆ ಈ ವ್ಯಾಪಾರದಲ್ಲಿ ಬೇಸರ ಇಲ್ಲ. ವರದಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ ಅನ್ನುವುದಷ್ಟೇ ಕಿರಿಕಿರಿ.

ಲಾಗ್ ಓದುವಾಗ ಒಂದು ಅಳುಕೂ ಇರುತ್ತದೆ. ಜನ ಕ್ಯಾಟಲಾಗಿನಲ್ಲಿ ಪುಸ್ತಕ ಮಾತ್ರ ಹುಡುಕುವುದಿಲ್ಲ. ಕಾಯಿಲೆಗಳ ಹೆಸರು ಹುಡುಕುತ್ತಾರೆ. ಮನೆಯಲ್ಲಿ ಹೇಳಲಾಗದ್ದನ್ನು ಹುಡುಕುತ್ತಾರೆ. ಅದಕ್ಕೇ ಲಾಗ್‌ನಲ್ಲಿ ಲಾಗಿನ್ ಹೆಸರು, ಐಪಿ ವಿಳಾಸ ಉಳಿಯದ ಹಾಗೆ ಮೊದಲೇ ಸೆಟ್ ಮಾಡಿಟ್ಟಿದ್ದೇನೆ. ಪುಸ್ತಕ ವಾಪಸ್ ಬಂದ ಮೇಲೆ ಅದನ್ನು ಯಾರು ಒಯ್ದಿದ್ದರು ಅನ್ನುವುದನ್ನೂ ಸ್ವಲ್ಪ ಕಾಲದ ನಂತರ ಸಿಸ್ಟಂ ಅಳಿಸುತ್ತದೆ. ಯಾರು ಏನು ಓದಿದರು ಅಂತ ಗೊತ್ತಿದ್ದರೆ ಒಳ್ಳೆ ಶಿಫಾರಸು ಕೊಡಬಹುದು ಅಂತ ಸಾಫ್ಟ್‌ವೇರ್ ಮಾರುವವರು ಬಂದಾಗಲೆಲ್ಲ ಹೇಳುತ್ತಾರೆ. ಕೊಡಬಹುದು. ಬೇಡ.

ಹೋದ ವಾರದ ಪಟ್ಟಿಯಲ್ಲಿ ರಾತ್ರಿ 2 ಗಂಟೆ 10 ನಿಮಿಷಕ್ಕೆ ಒಂದು ಸಾಲು ಇತ್ತು. ಕನ್ನಡದಲ್ಲೇ ಟೈಪ್ ಮಾಡಿದ್ದು: 'ಥೀಸಿಸ್ ಬರೆಯೋಕೆ ಶುರು ಮಾಡೋದು ಹೇಗೆ'. ಕ್ಯಾಟಲಾಗ್ ಅದನ್ನು ಶೀರ್ಷಿಕೆ ಅಂದುಕೊಂಡು ಹುಡುಕಿದೆ. ಸೊನ್ನೆ. ಎರಡು ನಿಮಿಷ ಬಿಟ್ಟು ಅದೇ ಸಾಲು, ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿ. ಮತ್ತೆ ಸೊನ್ನೆ.

ಇದಕ್ಕೆ ಯಾವ 650 ಹಾಕಲಿ? ಗಂಟು ಹಾಕಿದೆ, ಈಗ ಹಾಗೆ ಹುಡುಕಿದರೆ ಸಂಶೋಧನಾ ಬರವಣಿಗೆಯ ಪುಸ್ತಕಗಳು ಬರುತ್ತವೆ. ಆಮೇಲೆ ಮೇಲೆ ಹೋಗಿ ಅವುಗಳಲ್ಲಿ ಮೂರನ್ನು ತಂದು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟೆ. ಬೋರ್ಡು ಗೀರ್ಡು ಏನೂ ಹಾಕಲಿಲ್ಲ. ಸಂಜೆ ದೀಪ ಆರಿಸುವಾಗ ನೋಡಿದರೆ ಎರಡೇ ಇದ್ದವು. ಹುಡುಕಿದವರೇ ಒಯ್ದರೋ ಬೇರೆ ಯಾರೋ, ತಿಳಿಯಲು ದಾರಿ ಇಲ್ಲ. ಆ ದಾರಿ ಮುಚ್ಚಿದವಳು ನಾನೇ. ಖಾಲಿ ಜಾಗಕ್ಕೆ ಇನ್ನೊಂದು ಪ್ರತಿ ತಂದಿಟ್ಟು ಬೀಗ ಹಾಕಿದೆ.